ಪಬ್ಬಿನ ದಾರಂದಕ್ಕೆ ಕುಂಕುಮ

ಹೊಗೆ

ಆಚಾರ್ರು ಮೊದಲ ದಿನವೇ ಇಂಗ್ಲೆಂಡಿನ ಹೊಗೆಯನ್ನು ಸೋಪು ಹಾಕಿ ಉಜ್ಜಿದರು.

ದೋಹಾದ ಹೋಟೆಲೊಂದರಲ್ಲಿ ನಾನು ಮೇಂಟೆನೆನ್ಸ್ ಫೋರ್‌ಮನ್. ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಹಳೇ ಪಬ್ಬೊಂದರ ಒಳಗನ್ನು ಹೋಟೆಲಿನವರು ಇಡಿಯಾಗಿ ಕೊಂಡಿದ್ದರು. ಕೌಂಟರು, ಬಣ್ಣದ ಗಾಜು, ಗೋಡೆಯ ಹಲಗೆ, ಬಾಗಿಲು ಎಲ್ಲ ಪೆಟ್ಟಿಗೆಗಳಲ್ಲಿ ಬಂತು. ಜೋಡಿಸಲು ಉಡುಪಿಯಿಂದ ಬಡಗಿ ಆಚಾರ್ರನ್ನು ಕರೆಸಿದೆವು. ಗಲ್ಫಿಗೆ ಹೊಸಬರು. ಊರಲ್ಲಿ ಮಗಳ ಮದುವೆ ಹತ್ತಿರ ಇತ್ತು. ಅವರ ಪಾಸ್‌ಪೋರ್ಟ್ ಈಜಿಪ್ಟಿನ ಮ್ಯಾನೇಜರನ ಕಪಾಟಿನಲ್ಲಿತ್ತು. ಕೆಲಸ ಪಾಸಾದರೆ ಪಾಸ್‌ಪೋರ್ಟ್, ಇಲ್ಲದಿದ್ದರೆ ಮಾಫಿ, ಅಂದರೆ ಅರಬಿಯಲ್ಲಿ ‘ಇಲ್ಲ’, ಎಂದಿದ್ದ.

ಜೋಡಣೆಯ ಉಸ್ತುವಾರಿಗೆ ಹೋಟೆಲಿನವರು ಕರೆಸಿದ್ದ ಇಂಗ್ಲಿಷ್ ಮೇಡಂ ಉಜ್ಜಿದ ಹಲಗೆ ನೋಡಿ ಕಿರುಚಿದಳು. ಆ ಕಪ್ಪು ಕೊಳೆಯಲ್ಲವಂತೆ. ನೂರು ವರ್ಷದ ತಂಬಾಕಿನ ಹೊಗೆ. ಹಲಗೆಗೆ ಬೆಲೆಯೇ ಅದರಿಂದ. ಇನ್ನು ಇಲ್ಲಿ ಯಾರೂ ಏನನ್ನೂ ಒರೆಸಕೂಡದು.

ಆಚಾರ್ರಿಗೆ ಕನ್ನಡದಲ್ಲಿ ಹೇಳಿದೆ. ಮುಖ ಬಿಳಿಚಿತು.

"ನನ್ನ ಪಾಸ್‌ಪೋರ್ಟ್ ಹೋಯ್ತಾ?"

"ಗೊತ್ತಿಲ್ಲ."

ಆಚಾರ್ರು ಹಲಗೆಯ ಮೇಲೆ ಕೈಯಾಡಿಸಿದರು. "ಹೊಗೆಯೇ ಬೇಕಾದ್ರೆ ಒಂದು ಕಟ್ಟು ಬೀಡಿ ತರ್ಸಿ ಮಾರಾಯ್ರೆ. ಸಂಜೆಯೊಳಗೆ ಮಾಡಿ ಕೊಡ್ತೇನೆ."

ಕುಂಕುಮ

ಬಾಗಿಲಿನ ದಾರಂದ ನಿಲ್ಲಿಸುವ ದಿನ ನಾನು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಆಚಾರ್ರು ಅದಕ್ಕೆ ಅರಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದಿಟ್ಟು ಕೈಮುಗಿದು ನಿಂತಿದ್ದರು.

"ಆಚಾರ್ರೆ, ಇದು ಹೆಂಡದಂಗಡಿ."

"ಆದ್ರೆಂತ? ದಾರಂದ ದಾರಂದವೇ."

ನಿಂಬೆಹಣ್ಣು ಕಿಸೆಗೆ ಹಾಕಿದೆ. ಕುಂಕುಮ ಒರೆಸಲು ಬಟ್ಟೆ ಎತ್ತಿದೆ. ಅಷ್ಟರಲ್ಲಿ ಮ್ಯಾನೇಜರ್ ಬಂದ, ಹಿಂದೆಯೇ ಮೇಡಂ.

"ಈ ಕೆಂಪು ಏನು?" ಎಂದ ಮ್ಯಾನೇಜರ್.

ಆಚಾರ್ರು ದಾರಂದಕ್ಕೆ ಅಡ್ಡ ನಿಂತರು.

ಮೇಡಂ ನೋಡಿದ್ದು ನನ್ನ ಕೈಯ ಬಟ್ಟೆಯನ್ನು. "ಏನನ್ನೂ ಒರೆಸಬೇಡಿ ಅಂದಿದ್ದೆ!" ಎಂದು ಗುಡುಗಿದಳು.

ಮ್ಯಾನೇಜರ್ ಕೆಂಪನ್ನು ಬಿಟ್ಟು ಮುಂದೆ ನಡೆದ. ಕುಂಕುಮವೂ ಇಂಗ್ಲೆಂಡಿನ ಲೆಕ್ಕಕ್ಕೆ ಸೇರಿತು.

ಖಲಾಸ್

ಕೆಲಸ ನೋಡಿ ಒಪ್ಪುವ ದಿನವೇ ಆಚಾರ್ರ ವಿಮಾನ. ಮೇಡಂ, ಮ್ಯಾನೇಜರ್, ನಾನು ಒಳಗಿದ್ದೆವು. ಆಚಾರ್ರು ಹೊರಗೆ ನಿಂತಿದ್ದರು. ಉಜ್ಜಿದ ಹಲಗೆಯ ಮುಂದೆ ಮೇಡಂ ಬಹಳ ಹೊತ್ತು ನಿಂತಳು. ಕೊನೆಗೆ ಆಗಲಿ ಎಂದು ತಲೆಯಾಡಿಸಿದಳು.

ಮ್ಯಾನೇಜರ್ ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟು ಹೊರನಡೆದ. ಹೋಗುವಾಗ ಆಚಾರ್ರ ಭುಜ ತಟ್ಟಿ, "ಖಲಾಸ್!" ಎಂದ.

ನಾನು ಹೊರಬಂದಾಗ ಆಚಾರ್ರು ಇರಲಿಲ್ಲ.

ಮುಶೈರಿಬ್ ಬಡಾವಣೆಯಲ್ಲಿದ್ದ ಅವರ ರೂಮಿಗೆ ಓಡಿದೆ. ಕಟ್ಟಿದ್ದ ಪೆಟ್ಟಿಗೆ ಬಿಚ್ಚಿಕೊಂಡಿತ್ತು. ಮದುವೆಯ ಸೀರೆ ಮಂಚದ ಮೇಲಿತ್ತು. ಆಚಾರ್ರು ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದರು: "ಧಾರೆ ನೀನೇ ಎರೆ. ಇಲ್ಲಿ ನಾನು ಖಲಾಸ್." ಆ ಕಡೆ ಹೆಂಗಸರು ಗೋಳಾಡುವುದು ನನಗೂ ಕೇಳಿಸಿತು.

ಪಾಸ್‌ಪೋರ್ಟನ್ನು ಅವರ ಮುಂದೆ ಇಟ್ಟೆ.

"ನಮ್ಮಲ್ಲಿ ಖಲಾಸ್ ಅಂದ್ರೆ ಸತ್ತ. ಇವರಲ್ಲಿ ಖಲಾಸ್ ಅಂದ್ರೆ ಆಯ್ತು ಅಂತ. ನಿಮ್ಮ ಕೆಲಸ ಪಾಸ್."

ಆಚಾರ್ರು ಕಣ್ಣೊರೆಸಿಕೊಂಡರು. "ಇಷ್ಟು ಒಳ್ಳೇ ಸುದ್ದಿಗೆ ಅಂಥ ಶಬ್ದವಾ ಮಾರಾಯ್ರೆ!"

ವಿಮಾನ ಸಿಕ್ಕಿತು.

ಮದುವೆಯ ಮರುದಿನ ಫೋನ್ ಮಾಡಿದೆ.

"ಮದುವೆ ಏನಾಯ್ತು ಆಚಾರ್ರೆ?"

"ಖಲಾಸ್," ಎಂದರು.