ಮನೆಗೆ ಬೆಲೆ ಕಟ್ಟುವ ಲೈಸೆನ್ಸು

ಮನೆಗೆ ಬೆಲೆ ಕಟ್ಟುವುದೇನು ಬ್ರಹ್ಮವಿದ್ಯೆಯೇ? ಡಲ್ಲಾಸಿನ ಹತ್ತಿರದ ನಮ್ಮೂರು ಮೆಕಿನ್ನಿಯಲ್ಲಿ ಯಾರ ಗೃಹಪ್ರವೇಶಕ್ಕೆ ಹೋದರೂ ಎಲೆಗೆ ಪಾಯಸ ಬೀಳುವಷ್ಟರಲ್ಲಿ ನಾನು ಆ ಮನೆಯ ಬೆಲೆ ಹೇಳಿ ಮುಗಿಸಿರುತ್ತಿದ್ದೆ. ಹಾಗಾಗಿ ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಬಾಗಿಲು ಹಾಕಿ ನನ್ನ ಕೆಲಸ ಹೋದಾಗ, "ಮನೆಗೆ ಬೆಲೆ ಕಟ್ಟೋ ಅಪ್ರೈಸರ್ ಆಗ್ತೀನಿ" ಎಂದು ಹೆಂಡತಿ ಸುಮಾಳ ಮುಂದೆ ಘೋಷಿಸಿಬಿಟ್ಟೆ.

ಟೆಕ್ಸಾಸಿನಲ್ಲಿ ಅದಕ್ಕೆ ಮೊದಲು ಕ್ಲಾಸು. ಆಮೇಲೆ ಲೈಸೆನ್ಸ್ ಇರುವ ಹಿರಿಯರೊಬ್ಬರ ಕೈಕೆಳಗೆ ಚಾಕರಿ. ಎರಡು ವರ್ಷ ವಾಲ್ಟರ್ ಎಂಬ ಮುದುಕನ ಹಿಂದೆ ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಮನೆ ಅಳೆಯುತ್ತ ಅಲೆದೆ. ಸಂಸಾರ ನಡೆದದ್ದು ಸುಮಾಳ ದುಡಿಮೆಯಲ್ಲಿ. ಲೈಸೆನ್ಸ್ ಬರದಿದ್ದರೆ ಅವಳಿಗೆ ಮುಖ ತೋರಿಸುವಂತಿರಲಿಲ್ಲ.

ಕೊನೆಗೆ ಅರ್ಜಿ. ನನ್ನ ಕೆಲಸ ಕಂಡ ಇಬ್ಬರ ಶಿಫಾರಸು ಪತ್ರ ಬೇಕಿತ್ತು.

"ಯಾರನ್ನ ಕೇಳಬೇಕು ಅಂತ ವಾಲ್ಟರ್‌ನೇ ಕೇಳ್ರೀ" ಎಂದಳು ಸುಮಾ.

"ನಮ್ಮೋರು ಇರೋವಾಗ ಅವನ್ಯಾಕೆ?"

ನಾನು ಅಳೆದ ಮನೆಗಳಲ್ಲಿ ಎರಡು ಕನ್ನಡದವರದೇ. ಶುಗರ್ ಲ್ಯಾಂಡಿನ ಡಾಕ್ಟರು "ಇವನು ನನ್ನ ತಮ್ಮ" ಎಂದು ಬರೆದರು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಶ್ರೀಕಂಠ ಅಂಕಲ್ "ನಮ್ಮ ಮನೆಮಗ" ಎಂದು ಬರೆದರು. ಕಣ್ಣು ತೇವ ಮಾಡಿಕೊಂಡೇ ಪೋಸ್ಟ್ ಮಾಡಿದೆ.

ಆಸ್ಟಿನ್ನಿನ ಲೈಸೆನ್ಸ್ ಕಚೇರಿಯಿಂದ ಉತ್ತರ ಬಂತು: ತಾವು ಸ್ವಂತ ಅಣ್ಣನ ಹಾಗೂ ತಂದೆಯ ಮನೆಗಳಿಗೆ ಬೆಲೆ ಕಟ್ಟಿರುವುದು ಕಂಡುಬಂದಿದೆ. ಸಂಬಂಧಿಕರ ಮನೆಗೆ ನಿಷ್ಪಕ್ಷಪಾತವಾಗಿ ಬೆಲೆ ಕಟ್ಟುವುದು ಸಾಧ್ಯವಿಲ್ಲ. ಸಮಜಾಯಿಷಿ ಕೊಡತಕ್ಕದ್ದು!

ಮೈಯೆಲ್ಲ ಉರಿದುಹೋಯಿತು. ಮರುದಿನವೇ ಆಸ್ಟಿನ್‌ಗೆ ಡ್ರೈವ್ ಮಾಡಿ ಕೌಂಟರಿನ ಮುಂದೆ ನಿಂತೆ.

"ಇವರು ನಿಮ್ಮ ಅಣ್ಣನೇ?" ಕೌಂಟರಿನವಳು ಡಾಕ್ಟರ ಪತ್ರ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು.

"ಅಣ್ಣನ ಹಾಗೆ."

"ಹಾಗಾದರೆ ಸುಳ್ಳು ಬರೆದಿದ್ದಾರೆಯೇ?"

"ಇಲ್ಲ, ಪ್ರೀತಿಯಿಂದ ಬರೆದಿದ್ದಾರೆ."

ಪ್ರೀತಿಗೆ ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಸಂಬಂಧವಿಲ್ಲ ಎಂದು ಬರೆಸಿಕೊಂಡು ಬನ್ನಿ ಎಂದಳು. ಪ್ರೀತಿಗೂ ದಾಖಲೆ ಕೇಳುವ ಜನ! ಅದೇ ಸಿಟ್ಟಿನಲ್ಲಿ, ಹತ್ತಿರದ್ದು ಮೊದಲು ಎಂದು ಸೀಡರ್ ಪಾರ್ಕಿಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದೆ: "ಅಂಕಲ್, ನಾನು ನಿಮಗೆ ಏನೂ ಆಗಬೇಕಾಗಿಲ್ಲ ಅಂತ ಬರೆದುಕೊಡಿ."

ಅಂಕಲ್ ಮುಖ ಸಣ್ಣದಾಯಿತು. "ಯಾಕಪ್ಪಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಬೇಗ ಬರೀರಿ ಅಂಕಲ್, ಆಫೀಸ್ ಮುಚ್ಚಿಬಿಡುತ್ತೆ."

ಆಂಟಿ ತಂದ ಕಾಫಿಯನ್ನೂ ಕುಡಿಯದೆ, ಅಂಕಲ್ ಅಂಟಿಸಿ ಕೊಟ್ಟ ಲಕೋಟೆ ಹಿಡಿದು ಓಡಿದೆ. ಕೌಂಟರಿನವಳು ಅದನ್ನು ಒಡೆದು ಗಟ್ಟಿಯಾಗಿ ಓದಿದಳು: "ಈ ವ್ಯಕ್ತಿ ನಮಗೆ ಏನೂ ಅಲ್ಲ. ಇವರು ಮಾಡಿದ ಕೆಲಸವನ್ನೂ ನಾವು ಕಂಡಿಲ್ಲ."

ಕೆಲಸ ಕಾಣದವರ ಶಿಫಾರಸು ಯಾವ ಉಪಯೋಗಕ್ಕೆ? ಅರ್ಜಿ ವಜಾ ಆಯಿತು.

ಸುಮಾ ಬೈಯಲಿಲ್ಲ. ಭಾನುವಾರ ಕೈಗೆ ಹಣ್ಣಿನ ಚೀಲ ಕೊಟ್ಟು, "ಮೊದಲು ಅಂಕಲ್ ಹತ್ರ ತಪ್ಪಾಯ್ತು ಅಂತ ಹೇಳಿ ಬನ್ನಿ" ಎಂದು ಹೊರಡಿಸಿದಳು.

ಬಾಗಿಲು ತೆರೆದ ಅಂಕಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬನ್ನಿ ಸಾರ್. ತಾವು ಯಾರ ಕಡೆಯವರು?"

ಯಾರ ಕಡೆಯವನೂ ಅಲ್ಲ ಎಂದು ನಾನೇ ಬರೆಸಿಕೊಂಡಿದ್ದೆ. ಅಪ್ರೈಸರ್ ಎನ್ನೋಣವೆಂದರೆ ಅದೂ ಆಗಿರಲಿಲ್ಲ. ಹಣ್ಣಿನ ಚೀಲವನ್ನೇ ಮುಂದೆ ಚಾಚಿದೆ.