ತೀರ್ಪುಗಾರರ ಕುರ್ಚಿ

ದರ್ಜಿ ತಾನು ಬರೆದ ಕಾದಂಬರಿಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದೇ ತಪ್ಪಾಯಿತು. ಹೊಲಿದ ಬಟ್ಟೆಯ ಮಡಿಕೆಯೊಳಗೆ ಒಂದೊಂದು ಪ್ರತಿ ಇಟ್ಟು ಕೊಡತೊಡಗಿದ. ಗಿರಾಕಿಗಳು ಬಟ್ಟೆ ತರುವುದನ್ನೇ ಬಿಟ್ಟರು. ಉಳಿದದ್ದೆಲ್ಲ ಮಂಚದ ಕೆಳಗೆ ಸೇರಿತು. ಗೆದ್ದಲು ಮೊದಲು ಪುಸ್ತಕ ತಿನ್ನುತ್ತದೆ, ಆಮೇಲೆ ಮಂಚ ಎಂದು ಪಕ್ಕದ ಮನೆಯಾಕೆ ಬಂದು ಹೆಂಡತಿಯ ಕಿವಿ ಊದಿ ಹೋದಳು.

"ಸಂಜೆಯೊಳಗೆ ಯಾರಾದ್ರೂ ಒಬ್ಬರು ಇದು ಚೆನ್ನಾಗಿದೆ ಅನ್ನಲಿ ನೋಡೋಣ. ಇಲ್ಲಾಂದ್ರೆ ಅಷ್ಟೂ ರದ್ದಿಗೆ," ಎಂದಳು ಹೆಂಡತಿ.

ಆ ಒಂದು ಮಾತಿಗಾಗಿ ದರ್ಜಿ ಜೀವ ಕೊಡಲೂ ಸಿದ್ಧನಿದ್ದ. ಕಾದಂಬರಿ ಸ್ಪರ್ಧೆಯೊಂದಕ್ಕೆ ಅಂದೇ ಕೊನೆಯ ದಿನ, ಪುಸ್ತಕವನ್ನು ಖುದ್ದಾಗಿ ತಲುಪಿಸಬೇಕಿತ್ತು. ಒಂದು ಪ್ರತಿಯನ್ನು ಕಾಗದದಲ್ಲಿ ಸುತ್ತಿ, ದಾರ ಬಿಗಿದು ಹೊರಟ.

ಹಳೆಯ ಕಟ್ಟಡದ ಮೇಲಿನ ಕೋಣೆಯಲ್ಲಿ ಚಾವಣಿಯವರೆಗೂ ಸ್ಪರ್ಧೆಗೆ ಬಂದ ಪುಸ್ತಕಗಳು. ನಡುವೆ ಕುರ್ಚಿಯಲ್ಲೊಬ್ಬ ಮುದುಕ. ಅವನ ಗಡ್ಡ ಮೇಜಿನ ಮೇಲೆ ಹರಡಿತ್ತು, ಚಹಾದ ಲೋಟಕ್ಕೆ ಜೇಡ ಬಲೆ ಕಟ್ಟಿತ್ತು. ದರ್ಜಿ ಕಾಲಿಟ್ಟದ್ದೇ ತಡ, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅದಕ್ಕೆ ಒಳಗಡೆ ಹಿಡಿಯೇ ಇರಲಿಲ್ಲ.

ಮುದುಕ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದ. ಬಹಳ ಹೊತ್ತು ಬಾಯಿ ಅಲುಗಾಡಿಸಿ, ಕಹಿ ಗುಳಿಗೆ ನುಂಗಿದವನಂತೆ ಕಣ್ಣು ಮುಚ್ಚಿ, "ಇದು ನನ್ನ ಪುಸ್ತಕಕ್ಕಿಂತ ಚೆನ್ನಾಗಿದೆ," ಎಂದ.

ಬಾಗಿಲು ತೆರೆದುಕೊಂಡಿತು. ದರ್ಜಿಯ ಕಣ್ಣು ತುಂಬಿ ಬಂತು. ಮುದುಕ ಅವನನ್ನು ಕುರ್ಚಿಯಲ್ಲಿ ಕೂರಿಸಿದ.

"ಇಲ್ಲಿ ಗೆದ್ದೋರೇ ತೀರ್ಪುಗಾರರು. ಇನ್ನೊಬ್ಬರ ಪುಸ್ತಕ ನನ್ನದಕ್ಕಿಂತ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದ್ರೇನೇ ಈ ಬಾಗಿಲು ತೆಗೆಯೋದು. ನನಗೆ ಇವತ್ತಿನವರೆಗೂ ಬಾಯಿ ಬರಲಿಲ್ಲ ನೋಡಪ್ಪ."

ಅಷ್ಟು ಹೇಳಿ ಹೊರಬಿದ್ದ. ಬಾಗಿಲು ಮತ್ತೆ ಮುಚ್ಚಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದೇ ಕೇಳಲಿಲ್ಲ.

ದರ್ಜಿಯ ಕಣ್ಣಿಗೆ ಆಮೇಲೆ ಬಿತ್ತು, ಕಟ್ಟಿನ ದಾರ ಬಿಚ್ಚಿರಲೇ ಇಲ್ಲ. ಅಂದರೆ ಸುಳ್ಳು ಹೇಳಿದರೂ ನಡೆಯುತ್ತದೆ. ಸರಿ, ತಾನೂ ಒಂದು ಸುಳ್ಳು ಹೇಳಿ ಮನೆ ಸೇರಿದರಾಯಿತೆಂದು ಕೈಗೆ ಸಿಕ್ಕ ಪುಸ್ತಕ ಹಿಡಿದು ಬಾಯಿ ತೆರೆದ. "ನನ್ನ" ಎಂಬುದು ಸಲೀಸಾಗಿ ಬಂತು, ಮುಂದಿನದು ಗಂಟಲಲ್ಲೇ ಸಿಕ್ಕಿಕೊಂಡಿತು.

ಒಳ್ಳೆಯ ಪುಸ್ತಕವಾದರೆ ಸುಲಭವಾದೀತೆಂದು ರಾಶಿಯಲ್ಲಿ ಹುಡುಕಿ ಒಂದನ್ನು ಓದತೊಡಗಿದ. ಮೊದಲ ಪುಟಕ್ಕೇ ಮೈ ಜುಮ್ಮೆಂದಿತು. ಕೊನೆಯ ಪುಟಕ್ಕೆ ಬಿಕ್ಕಿ ಬಿಕ್ಕಿ ಅತ್ತ. ಇಂಥದ್ದನ್ನು ತಾನು ಏಳು ಜನ್ಮಕ್ಕೂ ಬರೆಯಲಾರೆನೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಹೊರಗೆ ಹೊತ್ತು ಮುಳುಗುತ್ತಿತ್ತು. ಕೆಳಗಿನ ಬೀದಿಯಲ್ಲಿ ಹೆಂಡತಿ "ರೀ... ರೀ..." ಎಂದು ಕೂಗುತ್ತ ಹುಡುಕುತ್ತಿದ್ದಳು. ದರ್ಜಿ ಕಣ್ಣೊರೆಸಿಕೊಂಡು ಎದ್ದು ನಿಂತು, ಬಾಗಿಲಿಗೆ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ಪರವಾಗಿಲ್ಲ," ಎಂದ. "ಸಮಾಧಾನಕರ ಬಹುಮಾನ ಕೊಡಬಹುದು."