ನಾಲ್ಕನೆಯ ಬಲ್ಬು

ಹಲ್ಲಿನ ಡಾಕ್ಟರಿಗೆ ಆ ಬುದ್ಧಿ ಯಾಕಾದರೂ ಬಂತೋ! ಹೆಂಡತಿ ಸ್ಟೀರಿಯೋ ಮುಂದೆ ಟಾರ್ಚ್ ಹಿಡಿದು ಕೂತು ಸ್ಟೇಷನ್ ಹುಡುಕುತ್ತಿದ್ದುದನ್ನು ಕಂಡು, "ನಾಲ್ಕು ಬಲ್ಬ್ ತಾನೇ? ನಾನೇ ಹಾಕ್ತೀನಿ ಬಿಡು" ಎಂದುಬಿಟ್ಟರು.

ಅದು ಅವರ ಮಾವ ಬಿಟ್ಟುಹೋದ ಪೆಟ್ಟಿಗೆ. ಎತ್ತಲು ಇಬ್ಬರು ಬೇಕು. ಒಂದು ಕಾಲಕ್ಕೆ ಅದರ ಡಯಲು ಜೇನಿನ ಬಣ್ಣದಲ್ಲಿ ಬೆಳಗುತ್ತಿತ್ತಂತೆ. ಗಾಜಿನ ಹಿಂದಿನ ಬಲ್ಬುಗಳು ಒಂದೊಂದಾಗಿ ಸುಟ್ಟು, ಈಗ ಹಾಡುಂಟು, ಬೆಳಕಿಲ್ಲ.

"ಅಪ್ಪನ ನೆನಪಿಗೆ ಉಳಿದಿರೋದು ಇದೊಂದೇ. ಕೆಡಿಸಿದ್ರೋ, ನೋಡಿ ಮತ್ತೆ!" ಎಂದರು ಹೆಂಡತಿ.

ಬಲ್ಬು ಕೊಟ್ಟ ರಿಪೇರಿ ಅಂಗಡಿಯವನು ಇನ್ನೊಂದು ಬಾಂಬು ಹಾಕಿದ. "ಪ್ಲಗ್ ಕಿತ್ತರೂ ಒಳಗೆ ಕೆಪಾಸಿಟರ್‌ನಲ್ಲಿ ಕರೆಂಟ್ ಅಡಗಿ ಕೂತಿರುತ್ತೆ ಸಾರ್. ಅಪ್ಪಿತಪ್ಪಿ ಮುಟ್ಟಿದ್ರೆ..." ಅಷ್ಟರಲ್ಲಿ ಬೇರೆ ಗಿರಾಕಿ ಬಂದ, ವಾಕ್ಯ ಅಲ್ಲಿಗೇ ನಿಂತಿತು. ಮುಗಿಯದ ಆ ವಾಕ್ಯ ಡಾಕ್ಟರ ಬೆನ್ನು ಹತ್ತಿ ಮನೆಯವರೆಗೂ ಬಂತು. ಎರಡು ದಿನ ಊಟ ಸೇರಲಿಲ್ಲ. ಆದರೆ ಆಡಿದ ಮಾತು ನುಂಗುವುದಾದರೂ ಹೇಗೆ? (ಅದೂ ಹೆಂಡತಿಯ ಎದುರು!)

ಭಾನುವಾರ ಬೆಳಗಾಗುತ್ತಲೇ ಪ್ಲಗ್ ಕಿತ್ತರು. ಸಾಲದೆಂದು ಇಡೀ ಮನೆಯ ಮೇನ್ ಸ್ವಿಚ್ಚೇ ಆರಿಸಿದರು.

"ಫ್ರಿಜ್ಜಲ್ಲಿ ಹಾಲಿದೆ, ಒಡೆದುಹೋಗುತ್ತೆ!"

"ನಾನು ಒಡೆದುಹೋದ್ರೆ ಪರವಾಗಿಲ್ವಾ?"

ಮಧ್ಯಾಹ್ನ ರಬ್ಬರ್ ಬೂಟು, ಎರಡೆರಡು ಗ್ಲೌಸು ತೊಟ್ಟು ರಣರಂಗಕ್ಕಿಳಿದರು. ಮಗಳ ಕ್ರಿಕೆಟ್ ಬ್ಯಾಟನ್ನು ಹೆಂಡತಿಯ ಕೈಗಿತ್ತು, "ಒಣಮರ. ಕರೆಂಟ್ ನನ್ನನ್ನ ಹಿಡ್ಕೊಂಡ್ರೆ ಇದರಲ್ಲಿ ಹೊಡೆದು ಬಿಡಿಸು. ಯೋಚನೆ ಮಾಡ್ತಾ ನಿಲ್ಲಬೇಡ" ಎಂದರು.

"ಯೋಚನೆ ಏನೂ ಇಲ್ಲ" ಎಂದರು ಹೆಂಡತಿ, ಸೆರಗು ಬಿಗಿದು.

ಮೊದಲ ಮೂರು ಬಲ್ಬುಗಳು ಚಿಮಟಕ್ಕೆ ಹಾಲುಹಲ್ಲಿನಂತೆ ಬಂದವು. ನಾಲ್ಕನೆಯದು ತುಕ್ಕು ಹಿಡಿದ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿತ್ತು. ಅದರ ಪಕ್ಕದಲ್ಲೇ ದಪ್ಪನೆಯ ಎರಡು ಕೆಪಾಸಿಟರ್‌ಗಳು ಹೊಂಚು ಹಾಕಿದ ಹಾಗೆ ಕೂತಿದ್ದವು. ಡಾಕ್ಟರ ಹಣೆಯ ಬೆವರು ಮೂಗಿಗಿಳಿಯಿತು. ಉಸಿರು ಬಿಗಿಹಿಡಿದು, ಕುಲದೇವರನ್ನು ನೆನೆದು, ಚಿಮಟವನ್ನು ಒಳಗೆ ತೂರಿಸಿದರು.

ಝುರ್‍‍ರ್!

ಎದೆಯೊಳಗೆ ಏನೋ ನಡುಗಿತು. ಕೈಕಾಲು ಮರಗಟ್ಟಿದವು. "ಹಿಡೀತು! ಹೊಡಿಯೇ!" ಎಂದು ಕಿರುಚಿದರು.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಹೆಂಡತಿ ಅವರ ಮಾತನ್ನು ಎರಡನೇ ಸಲ ಹೇಳಿಸಿಕೊಳ್ಳದೆ ನಡೆಸಿಕೊಟ್ಟದ್ದು ಅದೇ ಮೊದಲು. ಬ್ಯಾಟು ಬಲ ಮಣಿಕಟ್ಟಿನ ಮೇಲೆ ಸರಿಯಾಗಿ ಬಿತ್ತು. ಡಾಕ್ಟರು ನೆಲಕ್ಕುರುಳಿದರು. ಎದೆ ಮಾತ್ರ ಇನ್ನೂ ನಡುಗುತ್ತಲೇ ಇತ್ತು.

ಹೆಂಡತಿ ಬಗ್ಗಿ, ಗಂಡನ ಅಂಗಿ ಜೇಬಿನಲ್ಲಿ ಝುರ್ ಎನ್ನುತ್ತಿದ್ದ ಮೊಬೈಲು ತೆಗೆದು ಕಿವಿಗಿಟ್ಟರು.

"ಮೇಡಂ, ಸಾರ್‌ಗೆ ಒಂದು ಮಾತು ಹೇಳೋದು ಮರೆತಿದ್ದೆ" ಎಂದ ಅಂಗಡಿಯವನು. "ಪ್ಲಗ್ ಕಿತ್ತು ಒಂದರ್ಧ ಗಂಟೆ ಬಿಟ್ಟರೆ ಆ ಸೆಟ್ಟಲ್ಲಿ ಕರೆಂಟ್ ತಾನಾಗೇ ಇಳಿದುಹೋಗುತ್ತೆ. ಹೆದರೋದು ಬೇಡ."

ಹೆಂಡತಿ ಬ್ಯಾಟು ಕೆಳಗಿಟ್ಟು ಚಿಮಟ ಎತ್ತಿಕೊಂಡರು. ನಾಲ್ಕನೆಯ ಬಲ್ಬನ್ನು ಕಿತ್ತು, ಹೊಸ ನಾಲ್ಕನ್ನೂ ಕೂರಿಸಲು ಅವರಿಗೆ ಹಿಡಿದದ್ದು ಐದೇ ನಿಮಿಷ. ಪ್ಲಗ್ ಸಿಕ್ಕಿಸಿ ಮೇನ್ ಸ್ವಿಚ್ಚು ಹಾಕಿದಾಗ ಡಯಲು ಜೇನಿನಂತೆ ಬೆಳಗಿತು. "ಅಪ್ಪ ಇಲ್ಲೇ ಕೂರೋರು" ಎಂದು ಅವರು ಕಣ್ಣೊರೆಸಿಕೊಂಡರು. ಡಾಕ್ಟರೂ ಒರೆಸಿಕೊಂಡರು, ಎಡಗೈಯಲ್ಲಿ.

ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡು ಕ್ಲಿನಿಕ್ಕಿಗೆ ಹೋಗಿ, ಎಂಟು ದಿನ ಹಲ್ಲು ಕೀಳಲಾಗದೆಂದು ಸಂಕೋಚದಿಂದಲೇ ತಿಳಿಸಿದರು. ಎರಡೂ ಕೈಯಲ್ಲಿ ಕೆನ್ನೆ ಒತ್ತಿ ಕೂತಿದ್ದ ಮುದುಕಿ ಥಟ್ಟನೆ ಎದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು:

"ಪಾಪ, ಚೆನ್ನಾಗಿ ರೆಸ್ಟ್ ತಗೊಳ್ಳಿ ಡಾಕ್ಟ್ರೇ. ತಿಂಗಳಾದ್ರೂ ಪರವಾಗಿಲ್ಲ!"